ಪಿಳ್ಳಮ್ಮ ಹಂಚಿದ ಮಾತ್ರೆಗಳು

ಎಷ್ಟು ತಿಕ್ಕಿದರೂ ಪ್ಲಾಸ್ಟರಿನ ಅಂಟು ಬಿಡಲಿಲ್ಲ. ಗ್ಲೂಕೋಸಿನ ಸೂಜಿ ಅಲುಗದ ಹಾಗೆ ಆಸ್ಪತ್ರೆಯಲ್ಲಿ ಅಂಟಿಸಿದ್ದ ಪಟ್ಟಿ ಅಮ್ಮನ ಎಡಗೈ ಮೇಲೆ ಕಪ್ಪು ಗುರುತೊಂದನ್ನು ಉಳಿಸಿಹೋಗಿತ್ತು. ಅನುಸೂಯ ಸೀಗೆಪುಡಿ ಹಚ್ಚಿ ಉಜ್ಜಿದಳು, ಚೊಂಬಿನಿಂದ ಬಿಸಿನೀರು ಹುಯ್ದಳು, ಮತ್ತೆ ಉಜ್ಜಿದಳು.

"ಬುಡು ಮಗಾ, ಮಣ್ಣಿಗೋಗೋ ಕೈ. ಯಾರ್ ನೋಡ್ತಾರೆ?" ಎಂದಳು ಪಕ್ಕದ ಮನೆಯ ಬೈರಮ್ಮ. ಹಿತ್ತಿಲಲ್ಲಿ ಹಲಗೆಯ ಮೇಲೆ ಮಲಗಿಸಿದ್ದ ಹೆಣಕ್ಕೆ ಮರೆಯಾಗಲೆಂದು ಅವಳೂ ಇನ್ನಿಬ್ಬರು ಹೆಂಗಸರೂ ಸೀರೆಯೊಂದನ್ನು ಅಡ್ಡ ಹಿಡಿದು ನಿಂತಿದ್ದರು.

"ಒಂದೀಟು ಕೊಬ್ರಿ ಎಣ್ಣೆ ಇದ್ರೆ ಕೊಡು ಅತ್ತೆ" ಎಂದಳು ಅನುಸೂಯ.

ಎಣ್ಣೆ ಸವರಿ ಬೆರಳಿನಿಂದ ತೀಡಿದ ಮೇಲೆ ಅಂಟು ಸುರುಳಿ ಸುರುಳಿಯಾಗಿ ಎದ್ದುಬಂತು. ಆಸ್ಪತ್ರೆಯಲ್ಲಿ ನರ್ಸಾಗಿ ಎಷ್ಟೋ ಜನರ ಕೈಯಿಂದ ಹೀಗೆ ತೆಗೆದಿದ್ದ ಅನುಸೂಯಳ ಬೆರಳುಗಳಿಗೆ ಅದರ ಬಗ್ಗೆ ಯೋಚಿಸುವ ಅಗತ್ಯವೂ ಇರಲಿಲ್ಲ. ಹಿತ್ತಿಲ ಬೇಲಿಯಾಚೆ ಕಾರ್ಖಾನೆಯ ಸೈರನ್ ಕೂಗಿತು. ಬೆಳಗಿನ ಪಾಳಿ ಶುರುವಾಗುವ ಹೊತ್ತು. ಪ್ರತಿದಿನ ಈ ಸದ್ದಿಗೆ ಸರಿಯಾಗಿ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದ ಪಿಳ್ಳಮ್ಮ ಹಲಗೆಯ ಮೇಲೆ ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು.

"ಈ ಕೈ ಎಷ್ಟ್ ಜನುಕ್ಕೆ ಮಾತ್ರೆ ಕೊಟ್ಟೈತೆ ಅಂತೀಯ?" ಎಂದಳು ಬೈರಮ್ಮ, ಕಣ್ಣೊರೆಸಿಕೊಳ್ಳಲು ಕೈ ಬಿಡುವಿಲ್ಲದೆ ಮುಖವನ್ನು ಭುಜಕ್ಕೆ ಒರೆಸುತ್ತ. "ನಂಗೆ ಕಿವಿ ಸೋರ್ತಿದ್ದಾಗ ಇವ್ಳೇ ಕೊಟ್ಟಿದ್ದು. ತನಗೆ ಅಂತ ಮಡಿಕ್ಕೊಂಡೋಳೇ ಅಲ್ಲ."

"ನಮ್ಮನೆಯೋರ್ಗೆ ಹಲ್ಲು ಬಾತ್ಕೊಂಡಾಗ್ಲೂ ಅಷ್ಟೆ" ಎಂದಳು ಇನ್ನೊಬ್ಬಳು.

ಅನುಸೂಯ ಅಮ್ಮನ ಬೆರಳ ಸಂದಿಗಳನ್ನು ತೊಳೆದಳು.

*

ದೊಡ್ಡನೆಕ್ಕುಂದಿಯ ಅಂಚಿನಲ್ಲಿ ಪಿಳ್ಳಮ್ಮನ ಮನೆಯವರಿಗೆ ರಾಗಿ ಬೆಳೆಯುವ ಹೊಲವಿತ್ತು. ಕೈಗಾರಿಕೆಗೆಂದು ಸರ್ಕಾರ ಆ ಕಡೆಯ ಜಮೀನನ್ನೆಲ್ಲ ತೆಗೆದುಕೊಂಡಾಗ ಹೊಲವೂ ಹೋಯಿತು. ಅದಾದ ಸ್ವಲ್ಪ ದಿನಕ್ಕೆ ಗಂಡನೂ ತೀರಿಕೊಂಡ. ಹೊಲವಿದ್ದ ಜಾಗದಲ್ಲಿ ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆ ಎದ್ದಿತು. ಜಮೀನು ಕಳೆದುಕೊಂಡ ಮನೆಗೊಂದು ಕೆಲಸ ಅಂತ ಪಿಳ್ಳಮ್ಮನಿಗೆ ಅದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮಗ ನರಸಪ್ಪ ಆಗಿನ್ನೂ ಸ್ಕೂಲು ಬಿಟ್ಟಿರಲಿಲ್ಲ. ಮಗಳು ಅನುಸೂಯ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು.

ಕೆಲಸದ ಜೊತೆಗೆ ಇ.ಎಸ್.ಐ. ಕಾರ್ಡೂ ಬಂತು. ಕಾರ್ಡು ತೋರಿಸಿದರೆ ಡಿಸ್ಪೆನ್ಸರಿಯಲ್ಲಿ ಡಾಕ್ಟರು ನೋಡುತ್ತಿದ್ದರು. ಕಿಟಕಿಯಲ್ಲಿ ಕಾಗದದ ಪೊಟ್ಟಣ ಕಟ್ಟಿ ಮಾತ್ರೆ ಕೊಡುತ್ತಿದ್ದರು. ಕೆಂಪು-ಕಪ್ಪು, ಹಳದಿ-ಕೆಂಪು, ಎರಡು ಬಣ್ಣದ ಕ್ಯಾಪ್ಸೂಲುಗಳು. ಊರಿನಲ್ಲಿ ಹಾಗಿನ ಮಾತ್ರೆಯನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಕಾಯಿಲೆ ಬಂದರೆ ವರ್ತೂರಿಗೋ ವೈಟ್‌ಫೀಲ್ಡಿಗೋ ಹೋಗಿ ಬಾಟಲಿಯಲ್ಲಿ ಕೆಂಪು ನೀರು ತರುತ್ತಿದ್ದ ಜನ ಅವರು.

ಪಿಳ್ಳಮ್ಮನಿಗೆ ಮೂತ್ರದ ಉರಿ ಆಗಾಗ ಬರುತ್ತಿತ್ತು. ಪಾಳಿಯ ನಡುವೆ ಹೆಂಗಸರು ಹೊರಗೆ ಹೋಗಲು ಸೂಪರ್‌ವೈಸರನ್ನು ಕೇಳಬೇಕಿತ್ತು. ಕೇಳಲು ನಾಚಿಕೆಪಟ್ಟು ಅವಳು ನೀರನ್ನೇ ಕುಡಿಯುತ್ತಿರಲಿಲ್ಲ. ಉರಿ ಹೆಚ್ಚಾಗಿ ಚಳಿಜ್ವರ ಬಂದಾಗ ಡಿಸ್ಪೆನ್ಸರಿಗೆ ಹೋಗುತ್ತಿದ್ದಳು. ಒಂದೆರಡು ದಿನ ನುಂಗಿದರೆ ಉರಿ ಇಳಿಯುತ್ತಿತ್ತು. ಉರಿ ಇಳಿದ ಮೇಲೆ ಪೊಟ್ಟಣ ಮಡಿಸಿ ದೇವರ ಗೂಡಿನಲ್ಲಿ ಇಡುತ್ತಿದ್ದಳು. ಇನ್ನೊಬ್ಬರಿಗೆ ಆಗಲಿ ಅಂತ.

ಅದು ಎಲ್ಲರಿಗೂ ಆಗುತ್ತಲೂ ಇತ್ತು. ಕಾರ್ಡಿಲ್ಲದವರು ಸಂಜೆ ಅವಳ ಮನೆ ಬಾಗಿಲಿಗೆ ಬಂದು, "ಪಿಳ್ಳಕ್ಕ, ಆ ಬಣ್ಣದ ಮಾತ್ರೆ ಐತಾ?" ಎಂದು ಕೇಳುತ್ತಿದ್ದರು. ಅವಳು ಒಳಗೆ ಹೋಗಿ ತಂದುಕೊಡುತ್ತಿದ್ದಳು. ಹೊಲ ಹೋದ ಮೇಲೆ ಬಂದವರ ಮಡಿಲಿಗೆ ರಾಗಿಯನ್ನೋ ಅವರೆಕಾಯಿಯನ್ನೋ ಹಾಕಿ ಕಳಿಸುವ ಯೋಗ ಅವಳಿಗಿರಲಿಲ್ಲ. ಕೊಡಲು ಉಳಿದಿದ್ದದ್ದು ಇದೊಂದೇ.

*

ಮನೆ ಮುಂದೆ ಚಪ್ಪರದ ಕೆಳಗೆ ಹೆಣವನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ. ಕಾರ್ಖಾನೆಯ ಮೆಟಡಾರ್ ವ್ಯಾನಿನಲ್ಲಿ ಜೊತೆಯ ಕೆಲಸದವರು ಬಂದಿಳಿದು, ಯೂನಿಯನ್ ಹೆಸರಿನ ದೊಡ್ಡ ಹಾರವೊಂದನ್ನು ಹಾಕಿ, ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಬೇವಿನ ಮರದ ನೆರಳಿಗೆ ಸರಿದರು. ತಮಟೆಯವರು ಬೆಂಕಿಯಲ್ಲಿ ತಮಟೆ ಕಾಯಿಸುತ್ತಿದ್ದರು.

ಪಿಳ್ಳಮ್ಮನ ತಮ್ಮ ಆವಲಪ್ಪ ಬಿದಿರು ಕಟ್ಟುವುದನ್ನು ಬಿಟ್ಟು ಬಂದು ಅನುಸೂಯಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ. ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಅವನ ಬಲಗೈ ಮೊಣಕೈವರೆಗೆ ಸೀಳಿದ್ದು ವರ್ಷಗಳ ಹಿಂದೆ. ಗುತ್ತಿಗೆಯವನಾದ್ದರಿಂದ ಅವನಿಗೆ ಕಾರ್ಡಿರಲಿಲ್ಲ. ಹೊಲಿಗೆ ಹಾಕಿಸಿಕೊಂಡು ಬಂದವನ ಕೈ ಬಾತು ಕೀವಾದಾಗ ಪಿಳ್ಳಮ್ಮ ತಾನು ಆಗಷ್ಟೇ ತಂದಿದ್ದ ಪೊಟ್ಟಣವನ್ನು ಇಡಿಯಾಗಿ ಅವನಿಗೆ ಕೊಟ್ಟಿದ್ದಳು. ಕೈ ಉಳಿದಿತ್ತು.

"ಇದು ಅಕ್ಕ ಕೊಟ್ಟ ಕೈ ಕಣಮ್ಮ" ಎಂದ ಅವನು, ಗಾಯದ ಗುರುತಿನ ಮೇಲೆ ಬೆರಳಾಡಿಸುತ್ತ. "ಇವತ್ತು ಇದೇ ಕೈಯಾಗೆ ಅವಳ ಚಟ್ಟ ಕಟ್ಟೋ ಅಂಗಾಯ್ತು."

ಆಮೇಲೆ ಕೇಳಿದ. "ಅಲ್ಲಮ್ಮ, ನೀನು ಓದ್ದೋಳು, ಆಸ್ಪತ್ರೇಲೇ ಇರೋಳು. ಅಕ್ಕಂಗೆ ಏನಾಗಿತ್ತು ಅಂತ ಸರ್ಯಾಗೇಳು. ಊರ್ಗೆಲ್ಲಾ ವಾಸಿ ಮಾಡಿದ್ ಮಾತ್ರೆ ಅವಳ್ಗ್ಯಾಕೆ ನಾಟ್ಲಿಲ್ಲ?"

"ಕಿಡ್ನಿಗೆ ಸೋಂಕಾಗಿತ್ತು ಮಾವ. ರಕ್ತಕ್ಕೆ ಏರಿಬಿಡ್ತು."

"ಅದೇ, ಮಾತ್ರೆ ಯಾಕ್ ನಾಟ್ಲಿಲ್ಲ?"

ಅಷ್ಟರಲ್ಲಿ ನರಸಪ್ಪನ ಮಗಳು ಪುರಿ ತುಂಬಿದ ಮೊರ ತಂದು ಅವರ ಮುಂದಿಟ್ಟು ನಕ್ಕಳು. ಅಜ್ಜಿ ಸತ್ತಿದ್ದು ಇನ್ನೂ ಪೂರ್ತಿ ಅರ್ಥವಾಗದ ವಯಸ್ಸು. ಹಾಲುಹಲ್ಲು ಬಿದ್ದು ಹೊಸದಾಗಿ ಹುಟ್ಟಿದ ಮುಂದಿನ ಹಲ್ಲುಗಳೆಲ್ಲ ಬೂದಿ-ಕಂದು ಬಣ್ಣ. ಕೊಳವೆ ಬಾವಿಯ ನೀರಿಂದ ಹಾಗಾಗಿದೆ ಎಂದು ಮನೆಯವರು ನಂಬಿದ್ದರು. ಮಗು ಹಾಲು ಕುಡಿಯುವ ವಯಸ್ಸಿನಲ್ಲಿ ಪದೇ ಪದೇ ಕೆಮ್ಮು ಬಂದು, ಅಜ್ಜಿ ಕ್ಯಾಪ್ಸೂಲು ಬಿಚ್ಚಿ ಜೇನುತುಪ್ಪದಲ್ಲಿ ಕಲಸಿ ನೆಕ್ಕಿಸಿದ್ದು ಅನುಸೂಯಳಿಗೆ ಗೊತ್ತಿತ್ತು. ಚಿಕ್ಕ ಮಕ್ಕಳಿಗೆ ಆ ಔಷಧಿ ಕೊಟ್ಟರೆ ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಬಣ್ಣ ಹಿಡಿಯುತ್ತದೆಂದು ಅವಳು ವರ್ಷ ವರ್ಷವೂ ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದಳು. ಮನೆಯಲ್ಲಿ ಹೇಳಿರಲಿಲ್ಲ.

"ಹೆಣ ಎತ್ತೋ ಹೊತ್ತಾಯ್ತು ಮಾವ" ಎಂದು ಎದ್ದಳು.

*

ಅಮ್ಮನಿಗೆ ಅವಳು ಹೇಳದೆ ಇದ್ದವಳಲ್ಲ. ನರ್ಸಿಂಗ್ ಸೇರಿದ ಮೊದಲ ವರ್ಷ ರಜಕ್ಕೆ ಬಂದವಳು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸುವ ಉತ್ಸಾಹದಲ್ಲಿ, ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಎದುರು ಕೂತಿದ್ದಳು.

"ಒಂದೊಂದು ಕ್ರಿಮಿಗೆ ಒಂದೊಂದು ಔಷಧಿ ಕಣಮ್ಮ. ನೆಗಡಿಗೆ ಇವು ಯಾವ್ದೂ ಕೇಳಲ್ಲ. ಯಾವ ಕ್ರಿಮಿ ಅಂತ ನೋಡ್ಬೇಕು, ಅವರ ತೂಕ ನೋಡ್ಬೇಕು, ಬಸುರಿನಾ ಬಾಣಂತಿನಾ ಕೇಳ್ಬೇಕು. ಆಮೇಲೆ ಡಾಕ್ಟ್ರು ಎಷ್ಟು ದಿನ ಅಂದಿದ್ರೆ ಅಷ್ಟು ದಿನ ಹೊತ್ತು ಹೊತ್ತಿಗೆ ನುಂಗ್ಬೇಕು. ಮಧ್ಯಕ್ಕೆ ಬಿಟ್ರೆ ಮೆತ್ತಗಿರೋ ಕ್ರಿಮಿ ಸಾಯ್ತವೆ, ಗಟ್ಟಿ ಇರೋವು ಉಳ್ಕೊಳ್ತವೆ. ಆಮೇಲೆ ಆ ಗಟ್ಟಿಯವೇ ಮರಿ ಹಾಕ್ತವೆ."

ಪಿಳ್ಳಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕಳೆ ಕೀಳುವಾಗ ಮೇಲ್ ಮೇಲೆ ಕಿತ್ತು ಗೆಡ್ಡೆ ಬುಟ್ಟಂಗೆ."

"ಹೂಂ, ಹಂಗೇ."

"ಮುಂದಿನ್ ಸಲ ಅದೇ ಕಳೆ ಹೊಲ ಎಲ್ಲಾ ಅಬ್ಕೊಳ್ತದೆ."

"ಅದೇ ಕಣಮ್ಮ ನಾ ಹೇಳಿದ್ದು!" ಅಮ್ಮನಿಗೆ ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ಅನುಸೂಯಳಿಗೆ ಖುಷಿಯಾಗಿತ್ತು.

"ಗೊತ್ತಾಯ್ತು" ಎಂದಳು ಪಿಳ್ಳಮ್ಮ. "ಆದ್ರೆ ಒಂದ್ ಮಾತು. ಮಗು ಎತ್ಕೊಂಡು ಯಾರೋ ಬಾಗ್ಲಾಗೆ ನಿಂತಿರ್ತಾರೆ. ಮಗು ಮೈ ಕೆಂಡ ಆಗಿರ್ತದೆ. ನಂಗೆ ಉರಿ ಇಲ್ಲ, ಜ್ವರ ಇಲ್ಲ. ಒಳಗೆ ಮಾತ್ರೆ ಐತೆ. ನಾನು ಬಾಗ್ಲಾಕ್ಕೊಂಡು ಕೂತು ನುಂಗ್ಲಾ?"

"ಅವರನ್ನ ಆಸ್ಪತ್ರೆಗೆ ಕಳಿಸ್ಬೇಕು."

"ಯಾವ ಆಸ್ಪತ್ರೆ? ಯಾರ್ ಕರ್ಕೊಂಡೋಗ್ತಾರೆ?"

ಆ ಮಾತು ಅಲ್ಲಿಗೇ ನಿಂತಿತು. ಅನುಸೂಯ ಓದು ಮುಗಿಸಿ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ವಾರ್ಡಿಗೆ ಬರುವ ವಿದ್ಯಾರ್ಥಿನಿಯರಿಗೆ ಪಾಠ ಹೇಳುವವಳಾದ ಮೇಲೂ, ಊರಿಗೆ ಬಂದಾಗಲೆಲ್ಲ ದೇವರ ಗೂಡಿನ ಪೊಟ್ಟಣಗಳನ್ನು ನೋಡಿ ಸುಮ್ಮನೆ ಹಿಂತಿರುಗುತ್ತಿದ್ದಳು.

ಕೊನೆಯ ಸಲ ಚಳಿಜ್ವರದಲ್ಲಿ ನಡುಗುತ್ತಿದ್ದ ಅಮ್ಮನನ್ನು ತನ್ನ ಆಸ್ಪತ್ರೆಗೇ ಸೇರಿಸಿದಳು. ಮೂತ್ರದಲ್ಲಿನ ಕ್ರಿಮಿ ಬೆಳೆಸಿ ನೋಡಿದ ಕಲ್ಚರ್ ರಿಪೋರ್ಟು ಬಂದ ದಿನ ವಾರ್ಡಿನ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ನಾವು ಕೊಡೋ ಯಾವ ಮಾತ್ರೆಗೂ ಇದು ಬಗ್ತಿಲ್ಲ. ಒಂದು ಇಂಜೆಕ್ಷನ್‌ಗೆ ಮಾತ್ರ ಕೇಳೋ ಹಂಗಿದೆ. ಅದನ್ನ ತಡ್ಕೊಳ್ಳೋ ಶಕ್ತಿ ಅವರ ಕಿಡ್ನಿಗಿಲ್ಲ. ಸ್ವಲ್ಪ ಸ್ವಲ್ಪ ಕೊಟ್ಟು ನೋಡೋಣ."

"ಆಗ್ಲಿ ಡಾಕ್ಟ್ರೇ" ಎಂದಿದ್ದಳು. ಬೇರೆ ಯಾರದೋ ವಿಷಯ ಕೇಳಿದ ಹಾಗೆ.

ಆ ಸಂಜೆ ಅಮ್ಮನ ಸೀರೆ ಬದಲಿಸುವಾಗ ಸೆರಗಿನ ತುದಿಯಲ್ಲಿ ಗಂಟು ಸಿಕ್ಕಿತು. ಬಿಚ್ಚಿದರೆ, ಮೊದಮೊದಲು ವಾರ್ಡಿನಲ್ಲಿ ನುಂಗಲೆಂದು ಕೊಟ್ಟಿದ್ದ ಕ್ಯಾಪ್ಸೂಲುಗಳು.

"ಇದ್ಯಾಕಮ್ಮ ನುಂಗ್ಲಿಲ್ಲ?" ಅವಳ ದನಿ ಇಡೀ ವಾರ್ಡಿಗೆ ಕೇಳಿತು.

ಪಿಳ್ಳಮ್ಮ ಪಕ್ಕದ ಮಂಚದ ಕಡೆ ಕಣ್ಣು ಹೊರಳಿಸಿದಳು. ಅಲ್ಲಿ ಒಬ್ಬ ಮುದುಕಿ ಕೆಮ್ಮುತ್ತ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಮೆತ್ತಗೆ ಮಾತಾಡೇ. ಅವಳ್ನ ನೋಡೋಕೆ ಯಾರೂ ಬರಲ್ಲ" ಎಂದಳು.

*

ಗುಂಡಿ ತೋಡಿದ್ದು ಕೆರೆಯ ಏರಿಯ ಕೆಳಗೆ, ಊರಿನವರೆಲ್ಲ ಮಣ್ಣಾಗುವ ಜಾಗದಲ್ಲಿ. ಎಲ್ಲವೂ ನಡೆಯಬೇಕಾದ ಹಾಗೆ ನಡೆಯಿತು. ನರಸಪ್ಪ ಮಡಕೆ ಹೊತ್ತು ಸುತ್ತು ಬಂದ. ಆವಲಪ್ಪ ಬಲಗೈಯಿಂದ ಮೊದಲ ಹಿಡಿ ಮಣ್ಣು ಹಾಕಿದ. ಅನುಸೂಯ ಕೊನೆಯಲ್ಲಿ ಹಾಕಿದಳು. ಅವಳಿಗೆ ಅಳು ಬರಲಿಲ್ಲ. ಬರದೆ ಇದ್ದದ್ದನ್ನು ಹೆಂಗಸರು ಗಮನಿಸಿದರು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಹೆಣ ಇಟ್ಟಿದ್ದ ಜಾಗದಲ್ಲಿ ಹಚ್ಚಿದ್ದ ದೀಪ ನೋಡಿ, ಕೂದಲು ಒಣಗಿಸಲೆಂದು ಹಿತ್ತಿಲಿಗೆ ಹೋದಾಗ ಅಲ್ಲಿ ಬೈರಮ್ಮನ ಸೊಸೆ ಅಂಜಿನಮ್ಮ ಗೋಡೆಗೆ ಒರಗಿ ನಿಂತಿದ್ದಳು. ಹಸಿ ಬಾಣಂತಿ. ಮಗುವನ್ನು ಬಲಗಡೆಗೆ ಒತ್ತಿಕೊಂಡಿದ್ದಳು, ಎಡಗೈಯನ್ನು ಮೈಯಿಂದ ದೂರ ಇಟ್ಟುಕೊಂಡಿದ್ದಳು. ಮುಖ ಬೆವೆತಿತ್ತು.

"ಅಕ್ಕ, ಇಂಥಾ ದಿನ ಕೇಳ್ಬಾರ್ದು" ಎಂದಳು. "ಅಜ್ಜಿ ಮಡಗಿದ್ ಮಾತ್ರೆ ಏನಾದ್ರೂ ಉಳ್ದವಾ?"

"ಯಾಕೆ?"

ಅಂಜಿನಮ್ಮ ತನ್ನ ಎಡಗಡೆಗೆ ಕಣ್ಣು ಇಳಿಸಿದಳು. ಅನುಸೂಯ ಹತ್ತಿರ ಹೋಗಿ ಸೆರಗು ಸರಿಸಿ ನೋಡಿದಳು. ಎಡ ಮೊಲೆ ಕಲ್ಲಿನ ಹಾಗೆ ಬಿಗಿದು, ಹೊಳೆಯುವ ಕೆಂಪಾಗಿ, ಒಂದು ಕಡೆ ನೀಲಿಗೆ ತಿರುಗಿತ್ತು. ಬೆರಳಿಟ್ಟಲ್ಲಿ ಒಳಗೆ ಕೀವು ತುಳುಕಿದ್ದು ಗೊತ್ತಾಯಿತು. ಮೈ ಸುಡುತ್ತಿತ್ತು.

"ಯಾವಾಗಿಂದ?"

"ಅಜ್ಜಿ ಆಸ್ಪತ್ರೆಗೆ ಓಗೋಕ್ ಮುಂಚೆ. ಆಗ ನಾಕೋ ಐದೋ ಮಾತ್ರೆ ಕೊಟ್ಟಿದ್ರು. ಎಲ್ಡು ನುಂಗ್ದೆ, ಇಳೀತು. ಮಿಕ್ಕಿದ್ನ ನಮ್ಮತ್ತೆ ಕಾಲ್ ನೋವ್ಗೆ ನುಂಗಿದ್ರು. ಈಗ ತಿರ್ಗಾ ಬಂದೈತೆ. ಮಗು ಬಾಯಾಕಿದ್ರೆ ಪ್ರಾಣ ಓಯ್ತದೆ ಅಕ್ಕ."

"ಮಾತ್ರೆಗೆ ಇದು ಇಳಿಯಲ್ಲ. ಕೊಯ್ದು ಕೀವು ತೆಗೀಬೇಕು. ನಡಿ, ಈಗ್ಲೇ ಹೋಗೋಣ."

ಮಾತು ಮುಂಬಾಗಿಲಿಗೆ ತಲುಪಲು ಹೊತ್ತಾಗಲಿಲ್ಲ. ಬೈರಮ್ಮ ಅಡ್ಡ ನಿಂತಳು. "ಇದೇನ್ ಮಾತು ಅನುಸೂಯ? ಹೆಣ ಎತ್ತಿದ್ ಮನೆ. ನೀನು ಹೊಸ್ಲು ದಾಟಂಗಿಲ್ಲ. ಇವ್ಳು ಬಾಣಂತಿ, ಗಾಳಿಗೆ ಓಗಂಗಿಲ್ಲ. ಕೊಯ್ಯೋದಂತೆ! ನಿಮ್ಮಮ್ಮ ಇದ್ದಿದ್ರೆ ಒಳಗೋಗಿ ಮಾತ್ರೆ ತಂದು ಕೊಡ್ತಿದ್ಳು, ಅಷ್ಟೆ. ಐತೋ ಇಲ್ವೋ ಅಷ್ಟೇಳು."

"ಐತೆ. ಕೊಡಲ್ಲ."

"ಕೊಡಲ್ವಾ?" ಬೈರಮ್ಮ ಸುತ್ತ ನಿಂತವರ ಮುಖ ನೋಡಿದಳು. "ಕೇಳಿಸ್ಕೊಂಡ್ರಾ? ಪಿಳ್ಳಮ್ಮನ ಹೊಟ್ಟೇಲಿ ಹುಟ್ಟಿ ಇಂಗಂತಾಳಲ್ಲ!"

"ನಮ್ಮಮ್ಮ ಹೋಗಿದ್ದೇ ಅದರಿಂದ ಅತ್ತೆ" ಎಂದಳು ಅನುಸೂಯ. ದನಿ ಏರಿರಲಿಲ್ಲ. "ಒಂದು ಸಲವೂ ಪೂರ್ತಿ ನುಂಗ್ಲಿಲ್ಲ. ಅರ್ಧ ನುಂಗೋದು, ಅರ್ಧ ಎತ್ತಿಡೋದು. ಕಡೇಗೆ ಯಾವ ಮಾತ್ರೆಗೂ ಬಗ್ಗದೆ ಇರೋ ಸೋಂಕು ಒಳಗೆ ಕೂತ್ಕೊಂತು. ಇವ್ಳೂ ಅದೇ ದಾರೀಲಿದ್ದಾಳೆ."

ಬೇವಿನ ಮರದ ಕೆಳಗಿದ್ದ ಕಾರ್ಖಾನೆಯವರೂ ಇತ್ತ ತಿರುಗಿದ್ದರು. ಬೈರಮ್ಮನ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗಿ ಕೆಳಗಿಳಿಯಿತು. ಆವಲಪ್ಪ ಮೆಲ್ಲಗೆ ಮುಂದೆ ಬಂದ. ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ.

"ಅಂದ್ರೆ... ನಮ್ಗೆ ಕೊಟ್ಟಿದ್ದಕ್ಕಾ?"

ಅನುಸೂಯ ಅವನನ್ನು ನೋಡಿದಳು. ಬೆಳಗಿನಿಂದ ಅವಳು ತಪ್ಪಿಸಿಕೊಂಡು ಬಂದ ಪ್ರಶ್ನೆ ಅದು.

"ಕೊಟ್ಟಿದ್ದಕ್ಕಲ್ಲ ಮಾವ. ತಾನು ನುಂಗದೆ ಹೋಗಿದ್ದಕ್ಕೆ."

ಎರಡರ ನಡುವೆ ಎಷ್ಟು ವ್ಯತ್ಯಾಸವಿದೆಯೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆವಲಪ್ಪನಿಗೆ ಅಷ್ಟು ಸಾಕಾಯಿತು. ಅವನು ಟವೆಲಿನಿಂದ ಮುಖ ಒತ್ತಿ ಒರೆಸಿಕೊಂಡು, ಮರದ ಕೆಳಗಿದ್ದ ಡ್ರೈವರನ್ನು ಕೂಗಿದ. "ಏ ಗುರು, ಗಾಡಿ ತೆಗಿ. ಆಸ್ಪತ್ರೆಗೆ ಬಿಟ್ಬಂದ್ಬುಡು. ಮ್ಯಾನೇಜರು ಕೇಳಿದ್ರೆ ನನ್ನೆಸ್ರು ಹೇಳು."

ವ್ಯಾನು ಹೊರಡುವಾಗ ಬೈರಮ್ಮ ಒಳಗಿಂದ ಒಂದು ಕಂಬಳಿ ತಂದು ಕಿಟಕಿಯೊಳಗೆ ತುರುಕಿ, ಸೊಸೆಯ ಕಿವಿ ಮುಚ್ಚುವಂತೆ ಸೆರಗೆಳೆದು ಹಿಂದೆ ಸರಿದಳು.

*

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಪಾಳಿಯಲ್ಲಿದ್ದವಳು ಅನುಸೂಯಳ ವಿದ್ಯಾರ್ಥಿನಿ, ವೆಂಕಟಮ್ಮ ಎಂಬ ಎರಡನೇ ವರ್ಷದ ಹುಡುಗಿ. ಹಿಂದಿನ ದಿನ ಮೇಲಿನ ವಾರ್ಡಿನಿಂದ ಯಾರ ಹೆಣವನ್ನು ಕೊಂಡೊಯ್ದರೆಂದು ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತ ಅನುಸೂಯಳನ್ನೂ ಬೆನ್ನ ಮೇಲೆ ಹರಡಿದ್ದ ಅವಳ ಒದ್ದೆ ಕೂದಲನ್ನೂ ನೋಡಿ, "ಸಿಸ್ಟರ್, ನೀವು ಇವತ್ತು..." ಎಂದು ತಡೆದಳು.

"ಪೇಷಂಟ್ ನೋಡು" ಎಂದಳು ಅನುಸೂಯ. "ಮೊದಲು ಏನ್ ಕೇಳ್ಬೇಕು?"

ವೆಂಕಟಮ್ಮ ಪಾಠ ಒಪ್ಪಿಸಿದಳು. "ಇದಕ್ಕೆ ಮುಂಚೆ ಯಾವ ಔಷಧಿ ತಗೊಂಡಿದ್ರು, ಎಷ್ಟು ತಗೊಂಡ್ರು. ಯಾವ್ದಾದ್ರೂ ಔಷಧಿಗೆ ಮೈ ಕಡಿತ, ಗಂಧೆ, ಉಬ್ಬಸ ಬಂದಿತ್ತಾ."

"ಕೇಳು."

ಹುಡುಗಿ ಕೇಳಿದಳು. ಅಂಜಿನಮ್ಮ ಹೇಳಿದಳು. ಡಾಕ್ಟರು ಬಂದು ನೋಡಿ ಕೊಯ್ಯುವ ಏರ್ಪಾಟು ಮಾಡಿದರು. ಮೊದಲ ಕೀವನ್ನು ಪರೀಕ್ಷೆಗೆ ಶೀಷೆಯಲ್ಲಿ ಹಿಡಿಯುವಾಗ ಅನುಸೂಯ ಮತ್ತೆ ಕೇಳಿದಳು. "ಇಂಜೆಕ್ಷನ್ ಕೊಡೋಕೆ ಮುಂಚೇನೇ ಇದನ್ನ ಯಾಕೆ ತಗೋಬೇಕು?"

"ಕೊಟ್ಟ ಮೇಲೆ ತಗೊಂಡ್ರೆ ಯಾವ ಕ್ರಿಮಿ ಅಂತ ಗೊತ್ತಾಗದೆ ಹೋಗ್ಬಹುದು ಸಿಸ್ಟರ್. ಮೊದಲ ಔಷಧಿ ಅಂದಾಜಿನ ಮೇಲೆ ಶುರು. ರಿಪೋರ್ಟ್ ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಬದಲಾಯಿಸ್ಬೇಕು."

"ಸರಿ."

ಕೀವು ಹೋದ ಮೇಲೆ ಅಂಜಿನಮ್ಮನ ಮುಖದ ಬಿಗಿ ಸಡಿಲವಾಯಿತು. ಅವಳನ್ನು ಗೋಡೆ ಬದಿಯ ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರು ಬರೆದದ್ದು ಪೆನಿಸಿಲಿನ್ ಜಾತಿಯ ಇಂಜೆಕ್ಷನ್. ಪೂರ್ತಿ ಕೊಡುವ ಮುಂಚೆ ಮೈಗೆ ಒಗ್ಗುತ್ತದೆಯೋ ಇಲ್ಲವೋ ನೋಡಬೇಕಿತ್ತು. ವೆಂಕಟಮ್ಮ ಕೈ ಚಾಚುವ ಮೊದಲೇ ಅನುಸೂಯ ತಾನೇ ಸಣ್ಣ ಸೂಜಿಯನ್ನು ತೆಗೆದುಕೊಂಡಳು. ಅಂಜಿನಮ್ಮನ ಮುಂಗೈ ಒಳಭಾಗದ ಚರ್ಮದಡಿ ಒಂದೇ ಒಂದು ಹನಿ ಬಿಟ್ಟಳು. ಚರ್ಮ ಸಾಸಿವೆಯಷ್ಟು ಉಬ್ಬಿತು. ಹುಡುಗಿಯ ಜೇಬಿನಿಂದ ಪೆನ್ನು ಎಳೆದುಕೊಂಡು ಅದರ ಸುತ್ತ ನೀಲಿ ಶಾಯಿಯಲ್ಲಿ ದುಂಡಗೆ ಗೆರೆ ಎಳೆದಳು.

"ಮುಗೀತಾ ಅಕ್ಕ? ಮನೇಗೋಗ್ಬೋದಾ?"

"ಇಲ್ಲ. ಇನ್ನೂ ಶುರುವಾಗಿಲ್ಲ. ಇದು ಕೆಂಪಾಗುತ್ತಾ ನೋಡ್ಬೇಕು. ಆಗದಿದ್ರೆ ಪೂರ್ತಿ ಕೊಡ್ತೀವಿ. ಕಾಯ್ಬೇಕು."

ಅಂಜಿನಮ್ಮ ಹೂಂಗುಟ್ಟಿ, ಪಕ್ಕ ಕೂತ ಅನುಸೂಯಳ ಭುಜಕ್ಕೆ ತಲೆಯಾನಿಸಿದಳು. ಸ್ವಲ್ಪ ಹೊತ್ತಿಗೆ ಅವಳಿಗೂ ಮಡಿಲಲ್ಲಿದ್ದ ಮಗುವಿಗೂ ನಿದ್ದೆ ಹತ್ತಿತು. ಒದ್ದೆ ಕೂದಲಿನಿಂದ ಇಳಿದ ನೀರು ಅನುಸೂಯಳ ರವಿಕೆಯ ಬೆನ್ನನ್ನೆಲ್ಲ ನೆನೆಸಿತ್ತು. ಅವಳು ಅಲುಗದೆ ಕುಳಿತು, ತನ್ನ ಮಡಿಲಲ್ಲಿ ಅಂಗಾತ ಬಿದ್ದಿದ್ದ ಆ ಕೈಯ ನಾಡಿ ಹಿಡಿದುಕೊಂಡು, ನೀಲಿ ಗೆರೆಯೊಳಗಿನ ಚರ್ಮವನ್ನು ನೋಡುತ್ತಿದ್ದಳು. ಅದು ಇನ್ನೂ ಸುತ್ತಲಿನ ಚರ್ಮದ ಬಣ್ಣದಲ್ಲೇ ಇತ್ತು.